ನಮ್ಮ ಓಣಿಯವರೆಲ್ಲ ನೋಡುತ್ತಿದ್ದ ಧಾರಾವಾಹಿಗೆ ಟಿಆರ್‌ಪಿ ಇರಲಿಲ್ಲ ಎಂದರೆ ಏನರ್ಥ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಜೊತೆಗೆ ಸ್ವಲ್ಪ ಸಂಕಟವೂ ಆಯಿತು. ಹೊಳಲ್ಕೆರೆಯ ನಿಮ್ಮ ಮನೆಯಲ್ಲಿ ತಾಯಿಯವರು ಎರಡು ವರ್ಷ ಬಿಡದೆ ನೋಡಿದ ಧಾರಾವಾಹಿಯನ್ನು ಒಂದೇ ವಾರದಲ್ಲಿ ಮುಗಿಸಿಬಿಟ್ಟರು. ಸೋಮವಾರ ಖಳನಾಯಕಿ ಜೈಲಿಗೆ, ಶುಕ್ರವಾರ ನಾಯಕಿಗೆ ಸೀಮಂತ. ಟಿಆರ್‌ಪಿ, ಅಂದರೆ ನೋಡುಗರ ಲೆಕ್ಕದ ರೇಟಿಂಗ್, ಇರಲಿಲ್ಲವಂತೆ. 'ಓಣಿಯವರೆಲ್ಲ ನೋಡುತ್ತಿದ್ದರು, ನಮ್ಮನ್ನು ಯಾರೂ ಬಂದು ಕೇಳಿಲ್ಲ, ಹಾಗಾದರೆ ಈ ಲೆಕ್ಕ ಯಾರದು?' ಎಂದು ಕೇಳಿದ್ದೀರಿ.

ನಾನು ಚಾನಲ್ ಕಚೇರಿಯಲ್ಲಿ ಕುಳಿತವನಲ್ಲ. ದಾವಣಗೆರೆಯಲ್ಲಿ ಇಪ್ಪತ್ತೈದು ವರ್ಷ ಕೇಬಲ್ ನಡೆಸಿ, ಎರಡು ಮೊಣಕಾಲು ಸವೆದ ಮೇಲೆ ಮಾರಿ ಮನೆಯಲ್ಲಿ ಕುಳಿತವನು. ತಂತಿಯ ಈ ತುದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಆಗ ನನ್ನ ಬಳಿಯೂ ಒಂದು ಟಿಆರ್‌ಪಿ ಇತ್ತು. ಅದು ನನ್ನ ಮೊಬೈಲ್. ಒಮ್ಮೆ ಮಳೆಗಾಲದಲ್ಲಿ ನಿಟ್ಟುವಳ್ಳಿ ಕಡೆ ರಸ್ತೆ ಅಗೆಯುತ್ತಿದ್ದ ಜೆಸಿಬಿ ಸಂಜೆ ಏಳು ಗಂಟೆ ದಾಟಿದ ಹೊತ್ತಿಗೆ ನಮ್ಮ ಫೈಬರನ್ನು ಕಿತ್ತು ಹಾಕಿತು. ನಾನು ಹುಡುಗನೊಂದಿಗೆ ಕೆಸರಿನಲ್ಲಿ ಕೊಡೆ ಹಿಡಿದು ನಿಂತಿದ್ದೆ, ಅವನು ಕೂದಲೆಳೆಯಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಒರೆಸಿ ಬೆಸೆಯುತ್ತಿದ್ದ. ಮನೆಯಲ್ಲಿ ಹೆಂಡತಿ ಫೋನ್ ಎತ್ತಿ ಎತ್ತಿ ಸಾಕಾಗಿ, ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗೀಟು ಹಾಕತೊಡಗಿದಳು. ಎಂಟು ಗಂಟೆಗೆ ಅರವತ್ತು ಚಿಲ್ಲರೆ ಗೀಟು. ಯಾರೂ ಚಾನಲ್‌ನ ಹೆಸರು ಹೇಳಲಿಲ್ಲ. ಒಬ್ಬ ಅಜ್ಜಿಯಂತೂ, 'ತಮ್ಮಾ, ಆ ಹುಡುಗಿಗೆ ಇವತ್ತು ಅತ್ತೆಯ ನಿಜ ಬಣ್ಣ ತಿಳಿಯುತ್ತದೆ. ಅಷ್ಟರೊಳಗೆ ಸರಿಮಾಡಪ್ಪ' ಎಂದು ನನ್ನನ್ನೇ ಬೇಡಿಕೊಂಡರು. ಇದೇ ಫೈಬರ್ ಬೆಳಗ್ಗೆ ಹತ್ತಕ್ಕೆ, ಚರ್ಚೆಗಳ ಅಬ್ಬರದ ಹೊತ್ತಿನಲ್ಲಿ ತುಂಡಾದ ದಿನ ಬಂದದ್ದು ಮೂರೇ ಫೋನ್. ಅದರಲ್ಲಿ ಒಂದು ಕ್ಷೌರದ ಅಂಗಡಿಯದು.

ನನ್ನ ಈ ಲೆಕ್ಕ ಅಳೆಯುತ್ತಿದ್ದದ್ದು ತಹತಹವನ್ನು. ಚಾನಲ್‌ಗಳು ಬಡಿದಾಡುವ ಲೆಕ್ಕ ಬೇರೆ. ಅದು ತಹತಹವನ್ನು ಕೇಳುವುದೇ ಇಲ್ಲ. ಟಿವಿ ಹಾಕಿತ್ತೇ, ಯಾವ ಚಾನಲ್‌ನಲ್ಲಿತ್ತು, ಎಷ್ಟು ನಿಮಿಷ, ಮುಂದೆ ಯಾರು ಕುಳಿತಿದ್ದರು, ಇಷ್ಟೇ ಅದಕ್ಕೆ ಬೇಕು. ನಿಮ್ಮ ತಾಯಿಯವರ ಧಾರಾವಾಹಿ ಸೋತದ್ದು ಈ ಎರಡರ ನಡುವಿನ ಸಂದಿಯಲ್ಲಿ.

2015ರಿಂದ ಈ ಲೆಕ್ಕ ಕೊಡುತ್ತಿರುವ ಸಂಸ್ಥೆ ಬಾರ್ಕ್. ಅದಕ್ಕೂ ಮುಂಚೆ ಟ್ಯಾಮ್ ಎಂಬ ಸಂಸ್ಥೆ ಕೊಡುತ್ತಿತ್ತು. ಬಾರ್ಕ್‌ನ ಯಜಮಾನರು ಯಾರೆಂದರೆ ಚಾನಲ್‌ಗಳ ಒಕ್ಕೂಟ, ಜಾಹೀರಾತು ಕೊಡುವವರ ಸಂಘ, ಜಾಹೀರಾತು ಏಜೆನ್ಸಿಗಳ ಸಂಘ, ಈ ಮೂವರು. ನೋಡುಗರ ಕಡೆಯಿಂದ ಯಾರೂ ಇಲ್ಲ. ಆಯ್ದ ಮನೆಗಳಲ್ಲಿ ಒಂದು ಮೀಟರ್ ಕೂರಿಸುತ್ತಾರೆ. ಚಾನಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿರುತ್ತದೆ, ಮೀಟರ್ ಅದನ್ನು ಹಿಡಿದು ಯಾವ ಚಾನಲ್ ಎಂದು ತಿಳಿದುಕೊಳ್ಳುತ್ತದೆ. ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ. ಟಿವಿ ಮುಂದೆ ಕುಳಿತಾಗ ತನ್ನ ಗುಂಡಿ ಒತ್ತಬೇಕು. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇದ್ದ ಮನೆಗಳು ಸುಮಾರು 21 ಕೋಟಿ, ಮೀಟರ್ ಇದ್ದದ್ದು ಸುಮಾರು 44,000 ಮನೆಗಳಲ್ಲಿ. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಒಂದು. ನಿಮ್ಮ ಓಣಿಗೆ ಯಾರೂ ಬರಲಿಲ್ಲ ಎನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಷ್ಟು ಕಡಿಮೆ ಮನೆಗಳಿಂದ ಲೆಕ್ಕ ಸರಿ ಬರುತ್ತದೆಯೇ ಎಂದರೆ, ನಮ್ಮ ಎಪಿಎಂಸಿಗೆ ಒಂದು ಸಲ ಬನ್ನಿ. ಮೆಕ್ಕೆಜೋಳದ ಲಾಟು ಬಂದಾಗ ವರ್ತಕ ಎಲ್ಲ ಚೀಲ ಬಿಚ್ಚುವುದಿಲ್ಲ. ಚೂಪಾದ ಕಬ್ಬಿಣದ ಕೊಳವೆಯನ್ನು ಅಲ್ಲೊಂದು ಇಲ್ಲೊಂದು ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಹಲ್ಲಲ್ಲಿ ಕಡಿದು ತೇವ ನೋಡಿ ದರ ಹೇಳುತ್ತಾನೆ. ಬಹುಪಾಲು ಸಲ ಸರಿಯಾಗಿಯೇ ಹೇಳುತ್ತಾನೆ. ಹಾಗಾಗಿ ಮಾದರಿ ಚಿಕ್ಕದು ಎನ್ನುವುದು ನನ್ನ ದೂರಲ್ಲ. ತೊಂದರೆ ಬರುವುದು ಕೊಳವೆ ಎಲ್ಲಿ ಚುಚ್ಚುತ್ತದೆ ಎಂದು ಮಾರುವವನಿಗೆ ಮೊದಲೇ ತಿಳಿದಾಗ. ಅಲ್ಲಿ ಮಾತ್ರ ಒಣ ಕಾಳು ತುಂಬಿದರೆ ಆಯಿತಲ್ಲ! 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಮಾಡಿದ ಆರೋಪವೂ ಇದೇ ಬಗೆಯದು: ಮೀಟರ್ ಇರುವ ಮನೆಗಳನ್ನು ಹುಡುಕಿ, ಇಂಥದ್ದೇ ಚಾನಲ್ ಹಾಕಿಡಿ ಎಂದು ಹಣ ಕೊಟ್ಟಿದ್ದಾರೆ ಎಂದು. ಆ ಗಲಾಟೆಯಲ್ಲಿ ಸುದ್ದಿ ಚಾನಲ್‌ಗಳ ರೇಟಿಂಗನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ, ಅದೂ ವಾರದ ಲೆಕ್ಕವಾಗಿ ಅಲ್ಲ, ನಾಲ್ಕು ವಾರದ ಸರಾಸರಿಯಾಗಿ. ಇದೆಲ್ಲ ಹೊರಬೀಳುವ ಎಷ್ಟೋ ಮುಂಚೆ ನನ್ನ ಬಳಿಯೂ ಒಬ್ಬರು ಬಂದಿದ್ದರು. ಬೆಣ್ಣೆದೋಸೆ ಕೊಡಿಸಿ, ಎರಡನೆಯದು ಬರುವ ಹೊತ್ತಿಗೆ ಮೆಲ್ಲಗೆ, 'ನಿಮ್ಮ ಏರಿಯಾದಲ್ಲಿ ಯಾರ ಮನೆಯಲ್ಲಾದರೂ ಟಿವಿ ಪಕ್ಕ ಬೇರೆ ಥರದ ಡಬ್ಬಿ ನೋಡಿದ್ದೀರಾ?' ಎಂದು ಕೇಳಿದರು. ನಾನು ನೋಡಿರಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ, ದೋಸೆ ಚೆನ್ನಾಗಿತ್ತು.

ಈಗ ನಿಮ್ಮ ಧಾರಾವಾಹಿಗೆ ಬರೋಣ. ರೇಟಿಂಗ್ ಎಂದರೆ ತಲೆ ಎಣಿಸುವುದಲ್ಲ, ತಲೆಯನ್ನು ನಿಮಿಷದಿಂದ ಗುಣಿಸುವುದು. ನೂರು ಜನರ ಊರು, ಅರ್ಧ ಗಂಟೆಯ ಧಾರಾವಾಹಿ ಎಂದುಕೊಳ್ಳಿ. ಇಪ್ಪತ್ತು ಜನ ಕದಲದೆ ಪೂರ್ತಿ ನೋಡಿದರೂ ಇಪ್ಪತ್ತು. ನಲವತ್ತು ಜನ ಹದಿನೈದು ನಿಮಿಷ ನೋಡಿ ಎದ್ದು ಹೋದರೂ ಇಪ್ಪತ್ತೇ. ಆದ್ದರಿಂದ ಚಾನಲ್‌ನವರ ಜೀವ ಇರುವುದು ನೀವು ರಿಮೋಟಿಗೆ ಕೈ ಹಾಕುವ ಆ ಅರೆಗಳಿಗೆಯಲ್ಲಿ. ಏಳೂವರೆಯ ಧಾರಾವಾಹಿ ಮುಗಿದು ಎಂಟರದ್ದು ಶುರುವಾಗುವಾಗ ನಡುವೆ ಜಾಹೀರಾತೇ ಇಲ್ಲದಿರುವುದನ್ನು ಗಮನಿಸಿದ್ದೀರಾ? ಹೆಸರುಪಟ್ಟಿ ಓಡುತ್ತಿರುವಾಗಲೇ ಮುಂದಿನ ಮನೆಯ ಬಾಗಿಲಲ್ಲಿ ಯಾರೋ ಬಿಕ್ಕುತ್ತಿರುತ್ತಾರೆ. ಮೊದಲ ಹಿಡಿತ ಸಿಕ್ಕ ಮೇಲೆಯೇ ಸೋಪು, ಪೇಸ್ಟು. ಎರಡು ಧಾರಾವಾಹಿಯ ಕುಟುಂಬಗಳು ಇದ್ದಕ್ಕಿದ್ದಂತೆ ಒಂದೇ ಜಾತ್ರೆಗೆ ಹೋಗಿ 'ಮಹಾಸಂಗಮ' ಆಗುವುದೂ ಇದಕ್ಕೇ: ಗಟ್ಟಿ ಇರುವುದರ ಬಾಲಕ್ಕೆ ಸೊರಗಿದ್ದನ್ನು ಕಟ್ಟಿ ಎಳೆಸುವುದು. ಗುರುವಾರ ಅಂಕಿಗಳು ಬರುತ್ತವೆ. ಎರಡು ಮೂರು ಗುರುವಾರ ಸತತವಾಗಿ ಕೆಟ್ಟರೆ ಕಥೆಯಲ್ಲಿ ಯಾರಿಗಾದರೂ ಅಪಘಾತವಾಗುತ್ತದೆ, ಇಲ್ಲವೇ ನೆನಪು ಹೋಗುತ್ತದೆ. ಅದರಿಂದಲೂ ಆಗದಿದ್ದರೆ ಸೀಮಂತ.

ಇನ್ನೊಂದು ಮಾತು, ತಾಯಿಯವರಿಗೆ ಹೇಳಬೇಡಿ. ಜಾಹೀರಾತು ಕೊಡುವವರು ಎಲ್ಲ ನೋಡುಗರನ್ನೂ ಒಂದೇ ಬೆಲೆಗೆ ಕೊಳ್ಳುವುದಿಲ್ಲ. ಇಂತಿಷ್ಟು ವಯಸ್ಸಿನ ಹೆಂಗಸರು, ಇಂಥ ವರ್ಗದ ಮನೆ ಎಂದು ಗುಂಪು ಹೇಳಿ ಕೊಳ್ಳುತ್ತಾರೆ. ಆ ವರ್ಗವನ್ನು ನಿರ್ಧರಿಸುವುದು ಸಂಬಳ ಕೇಳಿ ಅಲ್ಲ. ಮನೆಯಲ್ಲಿ ಹೆಚ್ಚು ದುಡಿಯುವವರು ಎಷ್ಟು ಓದಿದ್ದಾರೆ, ಮತ್ತು ಹನ್ನೊಂದು ವಸ್ತುಗಳ ಒಂದು ಪಟ್ಟಿಯಲ್ಲಿ ಎಷ್ಟು ಇವೆ ಎಂದು ನೋಡಿ. ಫ್ಯಾನಿನಿಂದ ಹಿಡಿದು ಫ್ರಿಜ್, ದ್ವಿಚಕ್ರ ವಾಹನ, ಎಸಿವರೆಗೆ, ಹೊಲವೂ ಸೇರಿ, ಆ ಪಟ್ಟಿ. ಸೋಪು ಮಾರುವವರಿಗೆ ಬೇಕಾದದ್ದು ತಿಂಗಳ ಸಾಮಾನಿನ ಚೀಟಿ ಬರೆಯುವ ಸೊಸೆ. ಅತ್ತೆ ಕಣ್ಣೀರು ಹಾಕಿಕೊಂಡು ನೋಡಿದರೂ, ಸೊಸೆ ಆ ಹೊತ್ತಿನಲ್ಲಿ ಒಳಗೆ ರೊಟ್ಟಿ ತಟ್ಟುತ್ತಿದ್ದರೆ ಆ ಧಾರಾವಾಹಿ ಮಾರಾಟದಲ್ಲಿ ಸೋತ ಹಾಗೆಯೇ. ಜಾಹೀರಾತಿನ ದರ ಹತ್ತು ಸೆಕೆಂಡಿಗೆ ಇಷ್ಟು ಎಂದು ಇರುತ್ತದೆ. ಕೊಳ್ಳುವವರು ಅದನ್ನು ರೇಟಿಂಗಿನ ಒಂದು ಅಂಕಕ್ಕೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡುತ್ತಾರೆ. ನಿಯಮದ ಪ್ರಕಾರ ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ, ಅದರಲ್ಲೂ ಎರಡು ನಿಮಿಷ ಚಾನಲ್‌ನ ಸ್ವಂತ ಪ್ರಚಾರಕ್ಕೆ. ಮಾರುವ ಜಾಗ ಇಷ್ಟೇ ಎಂದಮೇಲೆ, ಅದೇ ಜಾಗಕ್ಕೆ ಹೆಚ್ಚು ಬೆಲೆ ತರುವ ಕಥೆ ಬೇಕು. ಎಂಟು ಗಂಟೆಯ ಸ್ಥಳದಲ್ಲಿ ಸುಮಾರಾದ ಧಾರಾವಾಹಿಯನ್ನು ಇಟ್ಟುಕೊಳ್ಳುವುದೆಂದರೆ ಮಂಡಿಪೇಟೆಯ ಅಂಗಡಿ ಮುಂಗಟ್ಟಿನಲ್ಲಿ ಖಾಲಿ ಡಬ್ಬಿ ಜೋಡಿಸಿಟ್ಟ ಹಾಗೆ.

ನೋಡುವವರೇ ಇಲ್ಲದೆ ಹೋಗುವ ಮುಂಚೆ, ಕಣ್ಣಿಗೇ ಬೀಳದೆ ಹೋಗುವುದೂ ಒಂದು ಸಾವು. ಆ ಯುದ್ಧ ನಡೆದದ್ದು ನಮ್ಮಂಥವರ ಕಂಟ್ರೋಲ್ ರೂಮಿನಲ್ಲಿ. 1994ರಲ್ಲಿ ಉದಯ ಬಂದಾಗ ಅದಕ್ಕೆ ಎದುರು ಎಂದರೆ ದೂರದರ್ಶನ ಮಾತ್ರ. 2000ದ ಕೊನೆಗೆ ಈಟಿವಿ ಬಂತು, ಅದೇ ಈಗಿನ ಕಲರ್ಸ್ ಕನ್ನಡ. 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ಆದರೆ ಮನೆಗಳಲ್ಲಿ ಇದ್ದದ್ದು ಹಳೆಯ ಟಿವಿಗಳು, ಎಷ್ಟೋ ಸೆಟ್ಟುಗಳಲ್ಲಿ ಹನ್ನೆರಡೇ ಗುಂಡಿ. ಮೊದಲ ಕೆಲವು ಸ್ಥಾನಗಳಲ್ಲಿ ಚಿತ್ರ ಕನ್ನಡಿಯಂತೆ ಬರುತ್ತಿತ್ತು, ಮೇಲಿನ ಬ್ಯಾಂಡಿಗೆ ಹೋದಂತೆ ಅವರೆಕಾಳು ಚೆಲ್ಲಿದ ಹಾಗೆ ಚುಕ್ಕೆ. ಒಳ್ಳೆಯ ಸ್ಥಾನಕ್ಕಾಗಿ ಚಾನಲ್‌ನವರು ಹಣ ಕೊಡುತ್ತಿದ್ದರು. ದೊಡ್ಡ ಹಣ ದೊಡ್ಡ ಕೇಬಲ್ ಕಂಪನಿಗಳಿಗೆ ಹೋಯಿತು. ನಮಗೆ ಬಂದದ್ದು ಗೋಡೆ ಗಡಿಯಾರ, ಡೈರಿ, ವರ್ಷಕ್ಕೊಂದು ಊಟ. ಗಡಿಯಾರಗಳು ಎಷ್ಟಾದವೆಂದರೆ ತಂಗಿಯ ಗೃಹಪ್ರವೇಶಕ್ಕೂ ಒಂದು ಕೊಟ್ಟೆ.

ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಜಾಗದ ಅಭಾವ ತೀರಿತು, ಜಗಳ ತೀರಲಿಲ್ಲ. ಬಾಕ್ಸ್ ಹಾಕಿದ ಕೂಡಲೇ ತಾನಾಗಿ ಬರುವ ಮೊದಲ ಚಾನಲ್ ಇದೆಯಲ್ಲ, ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ, ಆ ಜಾಗವೂ ಮಾರಾಟಕ್ಕಿದೆ. ನೀವು ರಿಮೋಟ್ ಹುಡುಕಿ, ಕನ್ನಡಕ ಹುಡುಕಿ, ಮಗನನ್ನು ಬೈದು ಚಾನಲ್ ಬದಲಿಸುವಷ್ಟರಲ್ಲಿ ಆ ಚಾನಲ್‌ಗೆ ಒಂದೆರಡು ನಿಮಿಷ ಜಮೆ. ಸುದ್ದಿ ಚಾನಲ್‌ಗಳಿಗೆ ಇದರ ಮೇಲೆ ವಿಶೇಷ ಪ್ರೀತಿ. ಚಾನಲ್, ಕೇಬಲ್‌ಗಳಿಗೆ ನಿಯಮ ಹಾಕುವ ಟ್ರಾಯ್ ಇದನ್ನು ತಡೆಯಲು ಹೊರಟಿತು, 2019ರಲ್ಲಿ ಟಿಡಿಸ್ಯಾಟ್ ನ್ಯಾಯಮಂಡಳಿ ಆ ಆದೇಶವನ್ನು ಒಪ್ಪಲಿಲ್ಲ. ಇಂಥ ಪುಕ್ಕಟೆ ನಿಮಿಷಗಳನ್ನು ಸೋಸಲು ಬಾರ್ಕ್ ತನ್ನದೇ ಜರಡಿ ಇಟ್ಟುಕೊಂಡಿದೆ.

ಅದೇ 2019ರ ಫೆಬ್ರವರಿಯಿಂದ, ಬೇಕಾದ ಚಾನಲ್‌ಗೆ ಮಾತ್ರ ಹಣ ಕೊಡಿ ಎಂಬ ಹೊಸ ವ್ಯವಸ್ಥೆ ಬಂತು. ಆಗ ಮೊದಲ ನೂರು ಚಾನಲ್‌ಗಳ ಸಂಪರ್ಕಕ್ಕೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ನೀವು ಆರಿಸಿದ ಚಾನಲ್‌ಗಳ ಬೆಲೆ. ಈಗಲಾದರೂ ಜನರ ಇಷ್ಟ ಏನೆಂದು ಬರವಣಿಗೆಯಲ್ಲಿ ಸಿಗುತ್ತದೆ ಎಂದುಕೊಂಡು ನಾನು ಉತ್ಸಾಹದಿಂದ ಫಾರಂ ಹಿಡಿದು ಕೆಟಿಜೆ ನಗರದ ಮನೆ ಮನೆ ಹತ್ತಿದೆ. ಒಂದು ಮನೆಯಲ್ಲಿ ಮಾವ ಕ್ರಿಕೆಟ್ ಚಾನಲ್‌ಗೆ ಟಿಕ್ ಹಾಕುವುದು, ಸೊಸೆ ನಯವಾಗಿ ಫಾರಂ ತೆಗೆದುಕೊಂಡು ಅದನ್ನು ಹೊಡೆದು ಹಾಕುವುದು, ಮೊಮ್ಮಗ ಕಾರ್ಟೂನ್ ಎಂದು ಅಳುವುದು, ಅರ್ಧ ಗಂಟೆ ನಡೆಯಿತು. ಕೊನೆಗೆ ಬಿಡಿಬಿಡಿಯಾಗಿ ಕೂಡಿಸಿದರೆ ಮೊತ್ತ ಜಾಸ್ತಿ, ಕಂಪನಿ ಹಲವು ಚಾನಲ್ ಸೇರಿಸಿ ಕಟ್ಟಿದ ಗೊಂಚಲೇ ಅಗ್ಗ ಎಂದು ತಿಳಿದು ಗೊಂಚಲಿಗೇ ಸಹಿ ಹಾಕಿದರು. ನನ್ನ ಮುಕ್ಕಾಲು ಗಿರಾಕಿಗಳ ಕಥೆ ಇದೇ. ಅಂದರೆ ಒಂದು ಜನಪ್ರಿಯ ಚಾನಲ್‌ನ ಬಾಲ ಹಿಡಿದು ಯಾರೂ ನೋಡದ ನಾಲ್ಕು ಚಾನಲ್‌ಗಳು ನಿಮ್ಮ ಮನೆಗೆ ಬಂದವು. 2024ರ ನವೆಂಬರ್‌ನಿಂದಂತೂ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಜಿಯೋಸ್ಟಾರ್ ಎಂಬ ಒಂದೇ ಸೂರಿನಡಿ ಇವೆ. ರಾತ್ರಿ ಎಂಟಕ್ಕೆ ಅವೆರಡರ ನಡುವೆ ನೀವು ರಿಮೋಟ್ ಒತ್ತಿದರೆ ಹಣ ಒಂದೇ ಮನೆಯ ಎರಡು ಜೇಬಿನ ನಡುವೆ ಓಡಾಡುತ್ತದೆ.

ಪ್ರಶ್ನೆಯ ಕೊನೆಯಲ್ಲಿ, ನಮ್ಮ ಮನೆಗೂ ಮೀಟರ್ ಹಾಕಿಸಿಕೊಳ್ಳಲು ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿದ್ದೀರಿ. ಕೊಡಲು ಬರುವುದಿಲ್ಲ. ಮನೆಗಳನ್ನು ಅವರೇ ಆರಿಸುತ್ತಾರೆ, ಆಯ್ಕೆಯಾದವರ ಗುರುತನ್ನು ಗುಟ್ಟಾಗಿ ಇಡುತ್ತಾರೆ. ತಾನಾಗಿ ಬಂದು ಕೇಳುವ ಮನೆ ಅವರಿಗೆ ಕೊಳವೆ ಚುಚ್ಚುವ ಜಾಗದಲ್ಲಿ ತಾನೇ ಬಂದು ಕುಳಿತ ಒಣ ಕಾಳಿನಂತೆ. ಯಾರಾದರೂ ಮೀಟರ್ ಕೊಡಿಸುತ್ತೇವೆ, ಇಷ್ಟು ಹಣ ಕಟ್ಟಿ ಎಂದು ಬಂದರೆ ಚಹಾ ಕೂಡ ಕೊಡದೆ ಕಳುಹಿಸಿ. ತಾಯಿಯವರಿಗೆ ಆ ಹಳೆಯ ಕಂತುಗಳೇ ಬೇಕಿದ್ದರೆ ಚಾನಲ್‌ನ ಮೊಬೈಲ್ ಆ್ಯಪ್‌ನಲ್ಲಿ ಇವೆಯೇ ನೋಡಿ. ಸೀಮಂತದ ವಾರವನ್ನು ಮಾತ್ರ ಹಾರಿಸಿಬಿಡಿ.