ವಿ.ಸಿ. ಫಾರ್ಮಿನಿಂದ ಜರ್ಮನಿಗೆ ಸೂಕ್ಷ್ಮಜೀವಶಾಸ್ತ್ರ ಓದಲು ಬರುವ ತಂಗಿಗೆ

ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೃಷಿ ಕೊನೇ ವರ್ಷದಲ್ಲಿರುವ ನೀನು ಕೇಳಿದ್ದು ಮೂರು: ಜರ್ಮನಿಯಲ್ಲಿ ಕೃಷಿ ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ. ಸಿಗುತ್ತದಾ, ಖರ್ಚೆಷ್ಟು, ನಮ್ಮ ಕಬ್ಬಿನ ಗದ್ದೆಯ ಮಣ್ಣನ್ನೇ ತಂದು ಸಂಶೋಧನೆ ಮಾಡಬಹುದಾ.

ಮಣ್ಣಿನ ವಿಷಯ ಮೊದಲು ಮುಗಿಸೋಣ. ಸೂಟ್‌ಕೇಸಿನಲ್ಲಿ ಒಂದು ಚಮಚ ಮಣ್ಣೂ ತರಬೇಡ ಕಣಮ್ಮ. ಭಾರತದ ಮಣ್ಣನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವುದು ನಿಷಿದ್ಧ. ಸಂಶೋಧನೆಗೆ ಬೇಕೆಂದರೆ ಇಲ್ಲಿನ, ಅಂದರೆ ಜರ್ಮನಿಯ, ಪ್ರಯೋಗಾಲಯ ಮುಂಚೆಯೇ ವಿಶೇಷ ಅನುಮತಿ ತೆಗೆದಿರಬೇಕು, ಆ ಪತ್ರ ಪಾರ್ಸೆಲ್ ಜೊತೆಗೇ ಬರಬೇಕು. ನೀನೇ ಬೆಳೆಸಿದ ಸೂಕ್ಷ್ಮಜೀವಿಗಳ ಕಲ್ಚರ್ ಆದರೂ ಬಿಡುಗಡೆಯಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಅದಕ್ಕೂ ತಾಗುತ್ತದೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಕೇಳುತ್ತಾರೆ. ಕಾಗದವಿಲ್ಲದ ಟ್ಯೂಬನ್ನು ಜವಾಬ್ದಾರಿಯಿರುವ ಯಾವ ಪ್ರಾಧ್ಯಾಪಕರೂ ತಮ್ಮ ಫ್ರೀಜರಿಗೆ ಸೇರಿಸುವುದಿಲ್ಲ.

ಕೃಷಿ ಸೂಕ್ಷ್ಮಜೀವಶಾಸ್ತ್ರ ಎಂಬ ಹೆಸರಿನ ಪದವಿಯನ್ನೇ ಹುಡುಕುತ್ತಾ ಕೂತರೆ ನಿರಾಸೆಯಾಗುತ್ತದೆ. ನಮ್ಮಲ್ಲಿ ಇದು ಪ್ರತ್ಯೇಕ ವಿಭಾಗ. ಇಲ್ಲಿ ಇದೇ ಕೆಲಸ ಸಸ್ಯ ಸಂರಕ್ಷಣೆ, ಮಣ್ಣು ವಿಜ್ಞಾನ, ಬೆಳೆ ವಿಜ್ಞಾನಗಳಲ್ಲಿ ಹಂಚಿಹೋಗಿದೆ. ಗಾಟಿಂಗನ್, ಬಾನ್, ಹೋಹೆನ್‌ಹೈಮ್ ಮೂರರಲ್ಲೂ ಕೃಷಿ ವಿಭಾಗಗಳಿವೆ. ಪದವಿಯ ಹೆಸರು ಬಿಟ್ಟು ಪಾಠಪಟ್ಟಿ ನೋಡು, ಯಾರ ಪ್ರಯೋಗಾಲಯದಲ್ಲಿ ಪ್ರಬಂಧ ಮಾಡಬಹುದು ಅನ್ನುವುದನ್ನು ನೋಡು. ಶುದ್ಧ ಸೂಕ್ಷ್ಮಜೀವಶಾಸ್ತ್ರದ ಕೋರ್ಸಿಗೆ ಅರ್ಜಿ ಹಾಕಿದರೆ ಜೀವರಸಾಯನ, ಅಣು ತಳಿಶಾಸ್ತ್ರದ ಕ್ರೆಡಿಟ್ ಕಡಿಮೆ ಬಿದ್ದು ತಿರಸ್ಕಾರವಾಗುವುದೇ ಹೆಚ್ಚು. ಬಿ.ಎಸ್ಸಿ. ಕೃಷಿ ಎಂದರೆ ಎಲ್ಲದರಲ್ಲೂ ಎರಡೆರಡು ಕ್ರೆಡಿಟ್ ಅಷ್ಟೇ ಅಲ್ಲವೇ. ಜೊತೆಗೆ ನಮ್ಮ ಕ್ರೆಡಿಟ್ ಇಲ್ಲಿನದಕ್ಕೆ ಸಮವಲ್ಲ: ಇಲ್ಲಿ ಒಂದು ಕ್ರೆಡಿಟ್ ಎಂದರೆ ಸ್ವಂತ ಓದೂ ಸೇರಿ 25ರಿಂದ 30 ಗಂಟೆಯ ದುಡಿಮೆ. ಆದ್ದರಿಂದ ಅಂಕಪಟ್ಟಿಯೊಂದನ್ನೇ ಕಳಿಸಬೇಡ. ಪ್ರತಿ ವಿಷಯದ ಪಠ್ಯಕ್ರಮ, ಥಿಯರಿ ಮತ್ತು ಪ್ರಾಕ್ಟಿಕಲ್ ಗಂಟೆಗಳಿರುವ ಪುಟಗಳಿಗೆ ಕಾಲೇಜಿನ ಸೀಲ್ ಹಾಕಿಸಿ ಲಗತ್ತಿಸು.

ನಿನ್ನ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸುವ ಲೆಕ್ಕ ಹೀಗೆ. ಗರಿಷ್ಠ 10, ಪಾಸಿಗೆ 5 ಇದ್ದರೆ: 10ರಲ್ಲಿ ನಿನ್ನ ಸಿಜಿಪಿಎ ಕಳೆ, ಬಂದದ್ದನ್ನು 5ರಿಂದ ಭಾಗಿಸು, 3ರಿಂದ ಗುಣಿಸು, 1 ಕೂಡಿಸು. 8.0 ಇದ್ದವರಿಗೆ 2.2 ಬರುತ್ತದೆ, 7.5 ಇದ್ದವರಿಗೆ 2.5. ಇಲ್ಲಿ ಸಂಖ್ಯೆ ಇಳಿದಷ್ಟೂ ಒಳ್ಳೆಯದು. ಎಷ್ಟೋ ಕೋರ್ಸುಗಳು 2.5ಕ್ಕೇ ಗೆರೆ ಎಳೆಯುತ್ತವೆ.

ದುಡ್ಡು: ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ ಇದು, ಅರ್ಜಿ ಹಾಕುವಾಗ ಮತ್ತೊಮ್ಮೆ ನೋಡಿಕೋ. ಅದು ತಿಂಗಳಿಗೆ 992 ಯೂರೋದಂತೆ ನಿನಗೇ ವಾಪಸ್ ಬರುತ್ತದೆ. ಬೋಧನಾ ಶುಲ್ಕ ಗಾಟಿಂಗನ್, ಬಾನ್‌ಗಳಲ್ಲಿ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಶುಲ್ಕ ಮಾತ್ರ. ಹೋಹೆನ್‌ಹೈಮ್ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಹೆಚ್ಚುವರಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು, ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕು, ಅದಿಲ್ಲದೆ ವೀಸಾ ಅರ್ಜಿ ಮುಂದಕ್ಕೆ ಹೋಗದು.

ಇನ್ನು ಪ್ರಯೋಗಾಲಯ. ಹೆಚ್ಚಿನವರು ಎಡವುವುದು ಇಲ್ಲೇ, ಬುದ್ಧಿ ಸಾಲದೆ ಅಲ್ಲ, ಕೈ ಪಳಗದೆ. ನಮ್ಮ ಪ್ರಾಕ್ಟಿಕಲ್ಲಿನಲ್ಲಿ ಮೀಡಿಯ (ಸೂಕ್ಷ್ಮಜೀವಿಗಳನ್ನು ಬೆಳೆಸುವ ಆಹಾರ) ಕಾಸಿಟ್ಟಿರುತ್ತಾರೆ, ನಾವು ಗುಂಪಾಗಿ ನಿಂತು ನೋಡುತ್ತೇವೆ. ಇಲ್ಲಿ ತೂಗುವುದರಿಂದ ಪ್ಲೇಟು ಎಸೆಯುವವರೆಗೂ ನೀನೇ. ಆದ್ದರಿಂದ ಕೊನೇ ವರ್ಷದ ಅನುಭವ ಕಲಿಕೆಯ ಕಾರ್ಯಕ್ರಮವಾದ ಇಎಲ್‌ಪಿಯಲ್ಲಿ ಜೈವಿಕ ಗೊಬ್ಬರದ ಘಟಕ ಸಿಕ್ಕಿದರೆ ಬಿಡಬೇಡ, ಪ್ಯಾಕೆಟ್ ತುಂಬುವುದರಲ್ಲೇ ದಿನ ಕಳೆಯಬೇಡ. ಅಲಸಂದೆ ಬೇರುಗಂಟಿನಿಂದ ರೈಜೋಬಿಯಂ (ಗಂಟಿನೊಳಗೆ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾ) ತೆಗೆಯುವುದನ್ನು ಒಬ್ಬಳೇ ಮಾಡಿ ಕಲಿ. ಗಂಟನ್ನು ಶೇ. 70ರ ಎಥನಾಲಿನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ ಹೈಪೋಕ್ಲೋರೈಟಿನಲ್ಲಿ ಕೆಲವು ನಿಮಿಷ ಇಟ್ಟು, ಕ್ರಿಮಿಶುದ್ಧ ನೀರಿನಲ್ಲಿ ಐದಾರು ಸಲ ತೊಳೆ. ನಮ್ಮ ಹಳೆಯ ಕೈಪಿಡಿಗಳಲ್ಲಿರುವ ಮರ್ಕ್ಯೂರಿಕ್ ಕ್ಲೋರೈಡನ್ನು (ಪಾದರಸದ ವಿಷ) ಇಲ್ಲಿ ಕೇಳಲೇಬೇಡ. ಕೊನೆಯ ತೊಳೆನೀರನ್ನೂ ಒಂದು ಪ್ಲೇಟಿಗೆ ಹಚ್ಚು: ಅದರಲ್ಲಿ ಏನಾದರೂ ಬೆಳೆದರೆ ನಿನಗೆ ಸಿಕ್ಕಿದ್ದು ಗಂಟಿನ ಒಳಗಿನದಲ್ಲ, ಹೊರಗಿನ ಕೊಳೆ. ಕಾಂಗೋ ರೆಡ್ ಎಂಬ ಬಣ್ಣ ಹಾಕಿದ ಪ್ಲೇಟನ್ನು ಕತ್ತಲಲ್ಲಿಡು, ಬೆಳಕಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳಂತೆ ರೈಜೋಬಿಯಂ ಕೂಡ ಬಣ್ಣ ಹೀರಿ ಗುರುತು ಸಿಗದಂತಾಗುತ್ತದೆ. ಅಲಸಂದೆಯದು ನಿಧಾನದ ಜಾತಿ, 28 ಡಿಗ್ರಿಯಲ್ಲಿ ವಾರ ಕಾಯಬೇಕು. ಮೂರನೇ ದಿನಕ್ಕೇ ಕಾಲೊನಿ ಉಬ್ಬಿ ನಿಂತರೆ ಖುಷಿಪಡಬೇಡ, ಅನುಮಾನಪಡು.

ಕಬ್ಬು ಬಿಡಲಾರೆ ಎಂದರೆ ಅದರ ಬೇರಿನ ಬಳಿ ಸಾರಜನಕ ಸ್ಥಿರೀಕರಿಸುವ ಅಜೋಸ್ಪಿರಿಲಮ್ ಬ್ಯಾಕ್ಟೀರಿಯಾ ಹಿಡಿ. ಸಾರಜನಕವಿಲ್ಲದ ಮಾಲೇಟ್ ಮೀಡಿಯಕ್ಕೆ ಲೀಟರಿಗೆ 1.75 ಗ್ರಾಂ ಅಗರ್ (ಮೀಡಿಯವನ್ನು ಗಟ್ಟಿ ಮಾಡುವ ಪುಡಿ) ಸಾಕು, ಗಟ್ಟಿ ಪ್ಲೇಟಿನ 15 ಗ್ರಾಂ ಅಲ್ಲ. ಸಾರಜನಕ ಸ್ಥಿರೀಕರಿಸುವ ನೈಟ್ರೋಜಿನೇಸ್ ಕಿಣ್ವವನ್ನು ಆಮ್ಲಜನಕ ಕೆಡಿಸುವುದರಿಂದ ಬ್ಯಾಕ್ಟೀರಿಯಾ ತನಗೆ ಬೇಕಾದಷ್ಟೇ ಗಾಳಿ ಸಿಗುವ ಆಳ ಹುಡುಕಿಕೊಂಡು, ಮೇಲ್ಮೈಗೆ ತುಸು ಕೆಳಗೆ ಬಿಳಿ ಪೊರೆ ಕಟ್ಟುತ್ತದೆ. ಸೀಸೆ ಅಲ್ಲಾಡಿಸಿದರೆ ಪೊರೆ ಒಡೆಯುತ್ತದೆ, ಪ್ರಯೋಗ ಮತ್ತೆ ಮೊದಲಿನಿಂದ. ಬ್ರೆಜಿಲಿನಲ್ಲಿ ಜೊಹಾನಾ ಡೋಬರೈನರ್ ಅವರ ಗುಂಪು ಕಬ್ಬಿನೊಳಗೇ ಸಾರಜನಕ ಸ್ಥಿರೀಕರಿಸುವ ಇನ್ನೊಂದು ಬ್ಯಾಕ್ಟೀರಿಯಾವನ್ನು 1988ರಲ್ಲಿ ವರದಿ ಮಾಡಿತು. ಇಲ್ಲಿ ಕಬ್ಬು ಬೆಳೆಯದಿದ್ದರೂ ಬ್ಯಾಕ್ಟೀರಿಯಾ ಬೆಳೆಗೆ ಸಾರಜನಕ ಕೊಡುತ್ತದಾ ಎಂಬ ಪ್ರಶ್ನೆಯನ್ನು ಗೋಧಿ, ಮುಸುಕಿನ ಜೋಳದ ಬೇರಿಗೆ ಕೇಳಬಹುದು.

ಬರುವ ಮುನ್ನ ಅಂಕಿಅಂಶ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆ ‘ಆರ್’ ಕಲಿ. ಮಾದರಿಯಲ್ಲಿರುವ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದುವುದು ಯಂತ್ರದ ಕೆಲಸ, ಆಮೇಲಿನ ಲಕ್ಷಾಂತರ ಸಾಲುಗಳ ಲೆಕ್ಕ ನಿನ್ನದು. ಮಾದರಿಯೇ ಇಲ್ಲದ ಖಾಲಿ ಟ್ಯೂಬೊಂದನ್ನು ಪ್ರತಿ ಬಾರಿ ಜೊತೆಗೆ ಓಡಿಸು, ಏಕೆಂದರೆ ಡಿಎನ್‌ಎ ತೆಗೆಯುವ ಕಿಟ್‌ನಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಇರುತ್ತದೆ.

ಊಟದ ಚಿಂತೆ ಬೇಡ. ರಾಗಿ ಹಿಟ್ಟು ತಾ. ತುಪ್ಪ ಬೇಡ, ಹಾಲಿನ ಪದಾರ್ಥಕ್ಕೆ ನಿಷೇಧವಿದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ಒಣಗಿಸಿ ಪುಡಿ ಮಾಡಿಸಿಕೊಂಡು ಬಾ.

ಈಗ ಮಾಡಬೇಕಾದ್ದು, ಇಬ್ಬರು ಮೂವರು ಪ್ರಾಧ್ಯಾಪಕರಿಗೆ ಇಮೇಲ್. ಅವರ ಒಂದು ಪ್ರಬಂಧವನ್ನು ನಿಜವಾಗಿ ಓದಿ, ಅದರ ವಿಧಾನದ ಬಗ್ಗೆ ಒಂದೇ ಪ್ರಶ್ನೆ ಕೇಳು. ನಿನ್ನ ಕೈಯಾರೆ ಮಾಡಿರುವ ಕೆಲಸವನ್ನು ಎರಡು ಸಾಲಿನಲ್ಲಿ ಹೇಳು. ಹೊಗಳಿಕೆ ಬೇಡ, ಹತ್ತು ಮಂದಿಗೆ ಒಂದೇ ಪತ್ರವೂ ಬೇಡ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸು, ಆಮೇಲೆ ಮುಂದಿನವರಿಗೆ ಬರೆ.