ಬಾಸ್ಟನ್ನಿನ ಫ್ರೀಡಂ ಟ್ರೇಲ್ ಒಂದೇ ದಿನಕ್ಕೆ ಬೇಡ

ನಾಲ್ಕು ಮತ್ತು ಒಂಬತ್ತು ವರ್ಷದ ಮಕ್ಕಳ ಜೊತೆ ಜುಲೈನಲ್ಲಿ ಫ್ರೀಡಂ ಟ್ರೇಲ್ (ಊರಿನ ಚಾರಿತ್ರಿಕ ತಾಣಗಳನ್ನು ಜೋಡಿಸುವ ಕಾಲ್ನಡಿಗೆ ದಾರಿ) ಒಂದೇ ದಿನ ಮುಗಿಯುತ್ತದೆಯೇ ಎಂದು ಕೇಳಿದ್ದೀರಿ. ಉದ್ದ ಬರೀ 4 ಕಿಲೋಮೀಟರ್, ಆದರೆ ತಾಣಗಳು 16. ಚಿಕ್ಕವನು ಅರ್ಧ ದಾರಿಯಲ್ಲೇ ಎತ್ತಿಕೋ ಅನ್ನುತ್ತಾನೆ. ಎರಡು ಬೆಳಗ್ಗೆಗೆ ಹಂಚಿ.

ಮೊದಲ ದಿನ ಬಾಸ್ಟನ್ ಕಾಮನ್ ಉದ್ಯಾನದಿಂದ ಹಳೇ ಸಭಾಭವನ ಫಾನಿಯಲ್ ಹಾಲ್‌ವರೆಗೆ ಸಾಕು. ದಾರಿ ತೋರಿಸುವ ನೆಲದ ಕೆಂಪು ಇಟ್ಟಿಗೆ ಗೆರೆ ಹುಡುಕುವ ಕೆಲಸ ದೊಡ್ಡವನಿಗೆ ಕೊಡಿ. ಮಧ್ಯಾಹ್ನ ಕಾಮನ್‌ಗೆ ವಾಪಸ್: ಫ್ರಾಗ್ ಪಾಂಡ್‌ನ ನೀರಾಟ, ಪಕ್ಕದ ಪಬ್ಲಿಕ್ ಗಾರ್ಡನ್‌ನಲ್ಲಿ 1877ರಿಂದ ಓಡುತ್ತಿರುವ ಹಂಸದೋಣಿ. ಟವೆಲ್, ಒಂದು ಜೊತೆ ಬಟ್ಟೆ ಮರೆಯಬೇಡಿ.

ಎರಡನೇ ದಿನ ನಾರ್ತ್ ಎಂಡ್ ಬಡಾವಣೆ ದಾಟಿ ನದಿಯಾಚೆಯ ಚಾರ್ಲ್ಸ್‌ಟೌನ್. ಬಂಕರ್ ಹಿಲ್ ಸ್ತಂಭಕ್ಕೆ 294 ಮೆಟ್ಟಿಲು, ಲಿಫ್ಟ್ ಇಲ್ಲ. ಒಬ್ಬರು ದೊಡ್ಡವನೊಂದಿಗೆ ಹತ್ತಲಿ, ಇನ್ನೊಬ್ಬರು ಕೆಳಗೆ ಹುಲ್ಲಿನ ಮೇಲಿರಲಿ. ಕಾನ್‌ಸ್ಟಿಟ್ಯೂಷನ್ ಎಂಬ ಹಳೇ ಯುದ್ಧನೌಕೆ ಹತ್ತಲು 18 ದಾಟಿದವರಿಗೆ ಫೋಟೊ ಇರುವ ಗುರುತಿನ ಚೀಟಿ ಬೇಕು. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟವರು ಇಲ್ಲೇ ಸಿಕ್ಕಿಬೀಳುವುದು. ವಾಪಸ್ ನಡೆಯಬೇಡಿ, ಅಲ್ಲಿಂದ ಲಾಂಗ್ ವಾರ್ಫ್‌ಗೆ ಫೆರಿ ಇದೆ, ಸುಮಾರು ಹತ್ತು ನಿಮಿಷ. ಇಳಿದರೆ ಪಕ್ಕದಲ್ಲೇ ಅಕ್ವೇರಿಯಂ.

ಸ್ಟ್ರೋಲರ್ ತರುವುದಾದರೆ ದೊಡ್ಡ ಚಕ್ರದ್ದು ತನ್ನಿ. ಸಣ್ಣ ಚಕ್ರ ಇಟ್ಟಿಗೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನಾರ್ತ್ ಎಂಡ್‌ನಲ್ಲಿರುವ, ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪಾಲ್ ರಿವಿಯರ್ ಮನೆ ತುಂಬಾ ಇಕ್ಕಟ್ಟು, ಸ್ಟ್ರೋಲರನ್ನು ಹೊರಗೇ ಮಡಚಿಡಬೇಕು.

ಬಾಡಿಗೆ ಕಾರು ಖಂಡಿತ ಬೇಡ. ಪಾರ್ಕಿಂಗ್ ದುಬಾರಿ, ರಸ್ತೆಗಳು ಹಳೇ ಪೇಟೆಯಂತೆ ಅಂಕುಡೊಂಕು. ಲೋಗನ್ ವಿಮಾನ ನಿಲ್ದಾಣದಿಂದ ಊರೊಳಗೆ ಸಿಲ್ವರ್ ಲೈನ್ ಬಸ್ ಉಚಿತ. ಮೆಟ್ರೋದಲ್ಲಿ ನಿಮ್ಮ ಜೊತೆಗಿರುವ ಇಬ್ಬರು ಮಕ್ಕಳಿಗೂ ಟಿಕೆಟ್ ಬೇಕಿಲ್ಲ.