ರೊಟ್ಟಿ ಆರುವಷ್ಟು ಹೊತ್ತು

ಪ್ರಾರ್ಥನೆಗೆ ಹರಕೆ ಹೊತ್ತು, ಅದು ನಡುವೆ ಮುರಿದು, ದೇವರಿಗೆ ಮುಖ ತೋರಿಸುವುದು ಹೇಗೆ ಎಂದು ಕಣ್ಣೀರಿಡುತ್ತ ಸಲಹೆಗೆ ಬರುವ ಕ್ರೈಸ್ತ ವಿಶ್ವಾಸಿಗಳು ವಿಜಯಪುರದಲ್ಲಿ ನನಗೆ ಮತ್ತೆ ಮತ್ತೆ ಸಿಗುತ್ತಾರೆ. ಅವರಲ್ಲಿ ಒಬ್ಬರ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಗುರುತಿನ ವಿವರ ಬದಲಿಸಿ ಬರೆದಿದ್ದೇನೆ.

ಆಕೆ ನರ್ಸ್, ಮೂರು ಪಾಳಿಯ ಕೆಲಸ. ತಾಯಿ ತೀರಿ ವರ್ಷವಾಗಿತ್ತು. ತಾಯಿಯಂತೆ ನಸುಕಿನ ನಾಲ್ಕಕ್ಕೆ ಎದ್ದು 40 ದಿನ ಒಂದೊಂದು ತಾಸು ಪ್ರಾರ್ಥಿಸುವುದಾಗಿ ಹರಕೆ ಹೊತ್ತರು. ಮೊದಲ ಸಲ ಒಂಬತ್ತು ದಿನ ನಡೆಯಿತು, ಎರಡನೆಯ ಸಲ ಆರು, ಮೂರನೆಯ ಸಲ ಮೂರೇ ದಿನ. ಆಮೇಲೆ ಬೈಬಲ್ ಮುಟ್ಟಲಿಲ್ಲ, ಭಾನುವಾರ ಸಭೆಗೂ ಹೋಗಲಿಲ್ಲ.

ಮೊದಲು ಅವರನ್ನು ಮನೋವೈದ್ಯರ ಬಳಿ ಕಳಿಸಿದೆ. ಔಷಧಿ ಬೇಡ, ನಿದ್ದೆ ಸರಿಯಾಗಲಿ ಎಂದರು. ಬೈಬಲಿನಲ್ಲಿ, ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ಈ ಕ್ರಮವನ್ನು ನಾನು ಯಾರಿಗೂ ತಪ್ಪಿಸುವುದಿಲ್ಲ.

ಮೂರನೆಯ ಭೇಟಿಯಲ್ಲಿ ಕೇಳಿದೆ: "ನೀವು ಸಣ್ಣವರಿದ್ದಾಗ ಮನ್ಯಾಗ ಪ್ರಾರ್ಥನಿ ಎಷ್ಟ ಹೊತ್ತ ನಡೀತಿತ್ತು?"

"ಅಪ್ಪ ಕೈಕಾಲ ತೊಳ್ಕೊಂಡ ಬಂದ ಕುಂತಮ್ಯಾಲ ಒಂದ ಕೀರ್ತನಿ, ಕರ್ತನ ಪ್ರಾರ್ಥನಿ. ರೊಟ್ಟಿ ಆರೂದ್ರಾಗ ಮುಗೀತಿತ್ರಿ ಅಕ್ಕಾರ."

"ಅವ್ವ ದಿನಾ ಮನಸ್ಸಿಟ್ಟ ಮಾಡ್ತಿದ್ರೇನು?"

"ಹೊಲದಾಗ ಕಳೆ ತಗದ ಬಂದಿರ್ತಿದ್ಲು. ಎಷ್ಟೋ ಸಲ ಆಮೆನ್ ಅನ್ನೂದ್ರಾಗ ತೂಕಡಿಸ್ತಿದ್ಲು. ಆದ್ರ ಕುಂಡ್ರೂದ ಬಿಡ್ಲಿಲ್ರಿ."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಹೇಳಿದರು: "ನಾಲ್ಕಕ್ಕ ಏಳೂದ ಅವ್ವ ಮುಪ್ಪಿನಾಗ ಶುರು ಮಾಡಿದ್ಲು. ನಾ ಅದನ್ನಷ್ಟ ನೆನಪಿಟ್ಟೀನಿ."

ನನ್ನ ಸಲಹೆ ಆ ಮಾತಿನಿಂದಲೇ ಹುಟ್ಟಿತು. ಪಾಳಿ ಬದಲಾಗುವವರಿಗೆ ಗಡಿಯಾರದ ನೇಮ ನಿಲ್ಲದು. ಯಾವ ಪಾಳಿಯಿದ್ದರೂ ಊಟ ತಪ್ಪದಲ್ಲ, ತಾಟಿಗೆ ಬಡಿಸಿಕೊಂಡ ಮೇಲೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ, 1ರಿಂದ ಸಾಲಾಗಿ. ಉದ್ದನೆಯದನ್ನು ಪಾಲು ಮಾಡಿಕೊಳ್ಳಿ. 119ನೆಯದರ 176 ವಚನಗಳು ಎಂಟೆಂಟರಂತೆ 22 ಭಾಗವಾಗಿಯೇ ಇವೆ. ಮಾತು ಹುಟ್ಟದಿದ್ದರೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಸಾಕು. ಅದರಲ್ಲಿ "ನನ್ನ" ಇಲ್ಲ, "ನಮ್ಮ" ಇದೆ, ಆದ್ದರಿಂದ ಭಾನುವಾರ ಸಭೆಯಲ್ಲಿ ಹಿಂದಿನ ಸಾಲಿನಲ್ಲಾದರೂ ಕೂಡಿ. ಒಂದು ದಿನ ತಪ್ಪಿದರೆ ಮರುದಿನ ಬಾಕಿ ತೀರಿಸಬೇಡಿ. ಅಡವಿಯಲ್ಲಿ ಇಸ್ರಾಯೇಲ್ಯರು ಮರುದಿನಕ್ಕೆಂದು ಉಳಿಸಿಕೊಂಡ ಮನ್ನ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರ, ಹುಳಬಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಮುನ್ನಾದಿನ ಕೂಡಿಸಿದ್ದಷ್ಟೇ ಕೆಡದೆ ಉಳಿಯಿತು. ಅನುದಿನದ ಆಹಾರ ಆಯಾ ದಿನದ್ದು.

ಅವರ ಸಭೆಯ ಹಿರಿಯರೊಬ್ಬರು ನನ್ನ ಮೇಲೆ ಬೇಸರಗೊಂಡರು. ಒಂದು ತಾಸಿನ ಪ್ರಾರ್ಥನೆಯನ್ನು ಐದು ನಿಮಿಷಕ್ಕೆ ಇಳಿಸಿದಿರಿ ಎಂದರು. ಒಂದು ತಾಸು ಇದ್ದದ್ದು ಹರಕೆಯಲ್ಲಿ ಮಾತ್ರ, ಮನೆಯಲ್ಲಿ ಏನೂ ಉಳಿದಿರಲಿಲ್ಲ ಎಂದು ನಾನು ಹೇಳಿದೆ. ಇಂದಿಗೂ ಅದನ್ನೇ ಹೇಳುತ್ತೇನೆ. ಉಪವಾಸ ಪ್ರಾರ್ಥನೆಯನ್ನು ನಾನು ಹಗುರ ಮಾಡುತ್ತಿಲ್ಲ, ನಾನೂ ಮಾಡುತ್ತೇನೆ. ಆದರೆ ಬೈಬಲಿನಲ್ಲಿ, ರಾಜನನ್ನು ಬಿಟ್ಟು ಬೇರೆ ಯಾರಿಗೆ ಪ್ರಾರ್ಥಿಸಿದರೂ ಸಿಂಹಗಳ ಗವಿಗೆ ಹಾಕುವ ಆಜ್ಞೆ ಬಂದ ದಿನ ಪ್ರವಾದಿ ದಾನಿಯೇಲನು ಹೊಸ ಪ್ರಾರ್ಥನೆ ಶುರು ಮಾಡಲಿಲ್ಲ. ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಬಳಿ, ಎಂದಿನಂತೆ ದಿನಕ್ಕೆ ಮೂರು ಸಲ ಮೊಣಕಾಲೂರಿದನು. ಆ "ಎಂದಿನಂತೆ" ಎಂಬುದು ಮೊದಲೇ ಇಲ್ಲದಿದ್ದರೆ ಸಂಕಟದ ದಿನ ಎಲ್ಲಿಂದ ಬರಬೇಕು? ಭಾವ ಉಕ್ಕಿದಾಗ ಮಾತ್ರ ಕೂರುವವರು ಭಾವ ಬತ್ತಿದಾಗ ದೇವರೇ ದೂರವಾದನೆಂದು ಹೆದರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ನಾಲ್ಕು ತಿಂಗಳ ಮೇಲೆ ಅವರು ಬಂದಾಗ ಎಷ್ಟನೆಯ ಕೀರ್ತನೆ ಎಂದು ಕೇಳಿದೆ.

"ನಿನ್ನಿ ಎಂಬತ್ತೆಂಟ್ರಿ."

ದಿನಕ್ಕೊಂದರ ಲೆಕ್ಕದಲ್ಲಿ ಮೂವತ್ತಕ್ಕಿಂತ ಹೆಚ್ಚು ಕೀರ್ತನೆ ಹಿಂದಿದ್ದರು. ಅವರು ಬಾಕಿ ತೀರಿಸಲು ಹೋಗಿರಲಿಲ್ಲ. ಆ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಕಾಣುವುದಿಲ್ಲ. ಓದಿದ ಮೇಲೆ ಹೇಗನ್ನಿಸಿತು ಎಂದೆ.

"ಅವ್ವನ ನೆನಪಾಗಿ ಅತ್ತೆ. ಆಮ್ಯಾಲ ಊಟ ಮಾಡಿದ್ನಿರಿ. ರೊಟ್ಟಿ ಇನ್ನೂ ಬಿಸಿ ಇತ್ತು."